ಭಾವನ ಬೈಗುಳ

"ತೊಂದರೆ ಇಲ್ಲ ಅಂದ್ರೆ ಸ್ವಲ್ಪ ಈ ಕಡೆ ಜರುಗ್ತೀರಾ?" ಎಂದ ಭಾವ.

ಅವನ ಭಾಮೈದ, ಬೇಕರಿಯವನು, ಜರುಗಿ ಕೂತ. ಎಷ್ಟೋ ವರ್ಷ ಒಂದೇ ದೋಣಿಯಲ್ಲಿ ಕೂತ ಭಾವ ತನ್ನನ್ನು ಯಾರೋ ಹೊಸಬನಂತೆ ಮಾತಾಡಿಸಿದ್ದು ಎದೆಗೆ ಚುಚ್ಚಿದಂತಾಯಿತು.

ಅದು ಎರಡು ಕಿರಿದಾದ ಒಡಲುಗಳ ನಡುವೆ ಬಲೆ ಬಿಗಿದ ಪುಟ್ಟ ಕ್ಯಾಟಮರಾನ್ ಹಾಯಿದೋಣಿ, ಇಬ್ಬರೂ ಸೇರಿ ಕೊಂಡದ್ದು. ಚುಕ್ಕಾಣಿ ಭಾವನದು, ಹಾಯಿಯ ಹಗ್ಗ ಭಾಮೈದನದು. ಭಾವ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ವಾರವಿಡೀ ಕ್ಲಚ್ ಬಿಡಲು ಬಾರದವರ ಪಕ್ಕ ಜೀವ ಕೈಯಲ್ಲಿ ಹಿಡಿದು ಕೂತು "ಪರವಾಗಿಲ್ಲ, ನಿಧಾನ" ಎನ್ನುವುದೇ ಅವನ ಹೊಟ್ಟೆಪಾಡು. ಹಾಗೆ ನುಂಗಿಕೊಂಡ ಬೈಗುಳವೆಲ್ಲ ಭಾನುವಾರ ಸರೋವರದ ಮೇಲೆ ಭಾಮೈದನ ತಲೆಗೆ ಬೀಳುತ್ತಿತ್ತು. ಕತ್ತೆ, ದಂಡಪಿಂಡ, ಹಿಟ್ಟಿನ ಮೂಟೆ. ಅದನ್ನು ಕೇಳದೆ ಬೇಕರಿಯವನಿಗೆ ಭಾನುವಾರ ಭಾನುವಾರ ಅನ್ನಿಸುತ್ತಲೇ ಇರಲಿಲ್ಲ.

ಕಳೆದ ತಿಂಗಳು ಅಕ್ಕನಿಗೂ ಭಾವನಿಗೂ ವಿಚ್ಛೇದನವಾಯಿತು. ಕೂಗಾಟ ಕಿರುಚಾಟ ಏನಿಲ್ಲ, ಇಬ್ಬರಿಗೂ ಸಾಕಾಗಿತ್ತು, ಅಷ್ಟೇ. ಇವತ್ತು ಪಂದ್ಯವಿಲ್ಲದೆ, ಬರೀ ಸ್ನೇಹಕ್ಕೆಂದು ದೋಣಿಯವರೆಲ್ಲ ಸೇರುವ ದಿನ. "ನನಗೆ ಆಗಿಬರಲಿಲ್ಲ, ನಿನಗೆ ಆಗಿಬರ್ತಾರಲ್ಲ, ಹೋಗು" ಎಂದು ಅಕ್ಕನೇ ತಮ್ಮನನ್ನು ಅಟ್ಟಿದ್ದಳು. ಭಾವನೂ ಬಂದಿದ್ದ. ಆದರೆ ದಡದಲ್ಲೇ ಹೇಳಿಬಿಟ್ಟ: "ಇದೊಂದು ಸಲ ಹೋಗಿ ಬರೋಣ. ಆಮೇಲೆ ದೋಣಿ ನೀವೇ ಇಟ್ಕೊಳ್ಳಿ. ಇನ್ನು ನಾನು ಯಾವ ಹಕ್ಕಿನ ಮೇಲೆ ಬರಲಿ?"

ಗಿರಾಕಿಗಳ ಜೊತೆ ಅರಳು ಹುರಿದಂತೆ ಮಾತಾಡುವ ಬೇಕರಿಯವನು ತಲೆ ತಗ್ಗಿಸಿ ದೋಣಿಯನ್ನು ನೀರಿಗೆ ತಳ್ಳಿದ್ದ.

ನಡುನೀರಿನಲ್ಲಿ ಗಾಳಿ ಏಕಾಏಕಿ ಜೋರಾಯಿತು. ಹಾಯಿ ಬಿಗಿದು, ಅವರು ಕೂತ ಬದಿ ನೀರು ಬಿಟ್ಟು ಮೇಲೇಳತೊಡಗಿತು. ಈಗ ಹಗ್ಗ ಬಿಟ್ಟು ಹಾಯಿ ಸಡಿಲಿಸಬೇಕು. ಬೇಕರಿಯವನಿಗೂ ಅದು ಗೊತ್ತಿತ್ತು. ಆದರೆ ಇಷ್ಟು ವರ್ಷ ಭಾವನ ಕೂಗು ಕೇಳಿಯೇ ಕೈ ಸಡಿಲಿಸಿ ರೂಢಿ; ಕೂಗಿಗಾಗಿ ಕಾದ.

"ನೋಡಿ, ನಿಮಗೆ ಬೇಜಾರಿಲ್ಲ ಅಂದ್ರೆ, ಆ ಹಗ್ಗಾನ ಒಂಚೂರು..."

ಮಾತು ಮುಗಿಯುವ ಮೊದಲೇ ಇಬ್ಬರೂ ನೀರಿನಲ್ಲಿದ್ದರು.

ಲೈಫ್ ಜಾಕೆಟ್ ಇಬ್ಬರನ್ನೂ ಮೇಲಕ್ಕೆ ತಂದಿತು. ಭಾವನ ತಲೆಗಿಂತ ಮೊದಲು ಬಾಯಿ ಮೇಲೆ ಬಂತು ಅನ್ನಬೇಕು.

"ಲೋ ಹಿಟ್ಟಿನ ಮೂಟೆ! ಹಗ್ಗ ಬಿಡೋಕೆ ನಿನಗೆ ಯಾರಾದ್ರೂ ಅರ್ಜಿ ಹಾಕ್ಬೇಕೇನೋ? ಕೈಗೇನು ಅಂಟು ಮೆತ್ಕೊಂಡಿದ್ಯಾ?" ಅಂದವನು ತಟ್ಟನೆ ತಡೆದುಕೊಂಡ. "ಕ್ಷಮಿಸಿ. ಬಾಯಿ ತಪ್ಪಿ ಬಂತು."

"ಬೈಯ್ರಿ ಭಾವ, ನಿಲ್ಲಿಸ್ಬೇಡಿ" ಎಂದ ಬೇಕರಿಯವನು. "ಅಕ್ಕ ಬಿಟ್ರೆ ಬಿಡ್ಲಿ. ನನ್ನನ್ನ ಬೈಯೋರು ಬೇರೆ ಯಾರಿದ್ದಾರೆ?" ಹೇಳುತ್ತಲೇ ಅವನಿಗೆ ಅಳು ಬಂತು. ಒದ್ದೆ ಮುಖದಲ್ಲಿ ಅದನ್ನು ಬಚ್ಚಿಡುವ ಗೋಜೂ ಇರಲಿಲ್ಲ.

ಭಾವ ದೋಣಿಯ ಕಡೆ ಈಜಿದ. ಪಕ್ಕಕ್ಕೆ ಮಗುಚಿದ ಆ ದೋಣಿ ಒಬ್ಬನ ಭಾರಕ್ಕೆ ಏಳುವಂಥದ್ದಲ್ಲ. ಇಬ್ಬರೂ ಕೆಳಗಿನ ಒಡಲಿನ ಮೇಲೆ ಹತ್ತಿ ನಿಂತು, ಹಗ್ಗ ಹಿಡಿದು ಹಿಂದಕ್ಕೆ ವಾಲಿದರು. ಹಾಯಿ ಜಪ್ಪಯ್ಯ ಅನ್ನಲಿಲ್ಲ.

"ಇನ್ನೂ ವಾಲೋ! ತಿಂದ ಬನ್ನೆಲ್ಲ ಎಲ್ಲಿ ಹೋಯ್ತು?" ಭಾವ ಗದರಿದ.

ಬೇಕರಿಯವನು ಬಿದ್ದೂ ಬಿದ್ದೂ ನಗುತ್ತಾ ಇನ್ನಷ್ಟು ವಾಲಿದ. ಹಾಯಿ ನೀರು ಸುರಿಸುತ್ತಾ ನಿಧಾನವಾಗಿ ಮೇಲೆದ್ದಿತು.

ಉಳಿದ ದೋಣಿಗಳು ಆಗಲೇ ಊಟಕ್ಕೆ ದಡ ಸೇರುತ್ತಿದ್ದವು. ಯಾರೋ ಕೈಬೀಸಿ ಕರೆದರು. ಭಾವ ಚುಕ್ಕಾಣಿ ಹಿಡಿದು ಕೂತು ದಡವನ್ನು ನೋಡಿದ, ಭಾಮೈದನನ್ನು ನೋಡಿದ.

"ಹಸಿವಾಗ್ತಿದ್ಯಾ?"

"ಇಲ್ಲ ಭಾವ." ಅವನ ಹೊಟ್ಟೆ ತಾಳ ಹಾಕುತ್ತಿತ್ತು.

"ಮತ್ತೇನು ನನ್ನ ಮುಖ ನೋಡ್ತೀಯ? ಎಳಿ ಹಗ್ಗ. ಮುಂದಿನ ವಾರ ಬರೋವಾಗ ಒಣ ಬಟ್ಟೆ ತಗೊಂಡು ಬಾ. ನನಗೂ ಒಂದು ಜೊತೆ."

ದೋಣಿ ದಡಕ್ಕೆ ಬೆನ್ನು ಹಾಕಿ ತಿರುಗಿತು. ಇಬ್ಬರೂ ಒಂದೇ ಅಂಚಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕೂತಿದ್ದರು. ಅಂಗಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು.