ಇವರಿಗೆ ನೀವು ಏನಾಗಬೇಕು?

ಬೋರ್ಡು ಬರೆಯುತ್ತಿದ್ದ ಬುಗುರಿ ಏಣಿಯಿಂದ ಬಿದ್ದದ್ದು ಬೆಳಿಗ್ಗೆ ಹತ್ತೂವರೆಗೆ. ಹನ್ನೊಂದಕ್ಕೆಲ್ಲ ಆಸ್ಪತ್ರೆಯ ದಾಖಲಾತಿ ಕೌಂಟರಿನ ಹೆಂಗಸು ಗಾಜಿನ ಹಿಂದಿನಿಂದ ಕೇಳಿದಳು, "ಇವರಿಗೆ ನೀವು ಏನಾಗಬೇಕು?"

"ತಂಗಿ," ಎಂದುಬಿಟ್ಟಳು ಕನ್ನಡಕದವಳು.

ಯೋಚಿಸಿ ಹೇಳಿದ್ದಲ್ಲ. ಮನೆ ಮಾಲೀಕನಿಗೆ, ಗ್ಯಾಸ್ ಸಿಲಿಂಡರಿನವನಿಗೆ, ಎದುರು ಮನೆಯ ಅಜ್ಜಿಗೆ, ಸೇತುವೆಯ ಮೇಲೆ ಚೀಲ ತಡಕುವ ಪೊಲೀಸರಿಗೆ ಹದಿನಾಲ್ಕು ವರ್ಷ ಅದನ್ನೇ ಹೇಳಿ ಹೇಳಿ ನಾಲಗೆಯಲ್ಲಿ ದಾರಿ ಬಿದ್ದುಹೋಗಿತ್ತು. ಫಾರಂನಲ್ಲಿ 'ಸಂಬಂಧ' ಎಂಬಲ್ಲಿ ಕೌಂಟರಿನವಳು 'ತಂಗಿ' ಎಂದು ಬರೆದಳು. ಕೆಳಗೆ ಇವಳು ಸಹಿ ಹಾಕಿದಳು. ಸುಳ್ಳು ಹೇಳಿದೆನೆಂಬುದು ಮನಸ್ಸಿಗೆ ಬರಲೇ ಇಲ್ಲ. ಏಣಿ ಹಿಡಿದುಕೊಂಡಿರಬೇಕಾದ ಕೈ ನೀರು ತರಲು ಹೋಗಿತ್ತಲ್ಲ, ಅದೊಂದೇ ಕೊರೆಯುತ್ತಿತ್ತು.

ಕನ್ನಡಕದವಳು ಹೊಳೆಯಾಚೆಯ ಊರಿನಲ್ಲಿ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. "ಇದು ಸ್ಪಷ್ಟವಾ, ಇದು ಸ್ಪಷ್ಟವಾ?" ಎಂದು ದಿನವಿಡೀ ಮೆಲ್ಲಗೆ ಕೇಳುತ್ತ, ಎದುರಿನವರ ಮುಖವನ್ನೇ ನೋಡುತ್ತ ಕೂತವಳಿಗೆ ಜನ ಬಾಯಿ ತೆರೆಯುವ ಮೊದಲೇ ಏನು ಹೇಳುತ್ತಾರೆಂದು ಗೊತ್ತಾಗುತ್ತಿತ್ತು. ಬುಗುರಿ ಅಂಗಡಿಗಳಿಗೆ ಬೋರ್ಡು ಬರೆಯುವವಳು. ನಿಂತಲ್ಲಿ ನಿಲ್ಲದವಳೆಂದು, ಅವಳು ಬಣ್ಣ ಕೊಳ್ಳುವ ಅಂಗಡಿಯ ಯಜಮಾನರೇ ಆ ಹೆಸರಿಟ್ಟಿದ್ದು.

ಹೊಳೆಯ ಎರಡೂ ದಡದಲ್ಲಿ ಒಂದೇ ಭಾಷೆ, ಒಂದೇ ಬಿಸಿಲು. ಆದರೆ ಹೊಳೆಯೇ ಗಡಿ, ಕಾನೂನು ಬೇರೆ ಬೇರೆ: ಇಬ್ಬರು ಹೆಂಗಸರು ಗಂಡಹೆಂಡಿರಂತೆ ಬಾಳಿದರೆ ಆಚೆ ದಡದಲ್ಲಿ ಏಳು ವರ್ಷ ಜೈಲು; ಆಸ್ಪತ್ರೆ ಇರುವ ಈಚೆ ದಡದಲ್ಲಿ ಮದುವೆ ನೋಂದಣಿ ಕಚೇರಿಯ ನಾಲ್ಕನೇ ಕಿಟಕಿ, ಅರ್ಧ ಗಂಟೆಯ ಕೆಲಸ. ಮೂರು ವರ್ಷದ ಹಿಂದೆ ಬಣ್ಣದಂಗಡಿಯ ಯಜಮಾನರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಆ ಕಿಟಕಿಯ ಮುಂದೆ ನಿಂತು ಬಂದಿದ್ದರು. ಬಾಳುವೆ ಮಾತ್ರ ಆಚೆಗೇ: ಕೆಲಸ ಅಲ್ಲಿ, ಬಾಡಿಗೆ ಮನೆ ಅಲ್ಲಿ, ಬುಗುರಿಯ ಅಮ್ಮ ಅಲ್ಲಿ. ತಿಂಗಳಿಗೊಮ್ಮೆ ಈಚೆ ಬೋರ್ಡಿನ ಕೆಲಸ ಸಿಕ್ಕಾಗ ಇಬ್ಬರೂ ಸೇತುವೆ ದಾಟುವರು, ರಸ್ತೆಯಲ್ಲಿ ಕೈ ಹಿಡಿದು ನಡೆಯುವರು. ಆಗಲೂ ಇವಳು ಹತ್ತು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುವಳು.

"ನೀನೇನೋ ಸೇತುವೆ ದಾಟ್ತೀಯ, ನಿನ್ನ ಕತ್ತು ಮಾತ್ರ ಆಚೆ ದಡದಲ್ಲೇ ಇರತ್ತೆ ಕಣೇ," ಎಂದು ಬುಗುರಿ ನಗುವಳು.

ತಲೆಬುರುಡೆಯ ಒಳಗೆ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಮೂರು ಗಂಟೆಗೆ ಆಪರೇಷನ್. "ಅಲುಗಾಡಿಸದೆ ಇದ್ದರೆ ಉಳಿಸ್ತೀವಿ. ಹೆದರಬೇಡಿ."

ಬೆಂಚಿನ ಮೇಲೆ ಕೂತಾಗಲೇ ಅವಳಿಗೆ ಹೊಳೆದದ್ದು, ತಾನೆಂಥ ಪೆದ್ದಿ ಎಂದು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ, ನಿಜ ಹೇಳಬಹುದಾದ ದಡದಲ್ಲೇ ಸುಳ್ಳು ಹೇಳಿದ್ದಳು. ಎದ್ದು ಹೋಗಿ ತಿದ್ದಿಸಲೇ ಎಂದುಕೊಂಡಳು. ಸಹಿ ಆಗಿದೆ, ಆಪರೇಷನ್ ಗೊತ್ತಾಗಿದೆ, ಸುಮ್ಮನಿರುವ ಜೇನುಗೂಡಿಗೆ ಯಾಕೆ ಕಲ್ಲು ಎಂದು ಮತ್ತೆ ಕೂತಳು.

ಎರಡು ಗಂಟೆಗೆ ಬುಗುರಿಯ ಅಣ್ಣ ಬಂದ. ಅವಳ ಫೋನಿನಲ್ಲಿ 'ಅಣ್ಣ' ಎಂದಿದ್ದ ನಂಬರಿಗೆ ನರ್ಸೇ ಕರೆ ಮಾಡಿದ್ದಳಂತೆ. ಅವನು ಆಚೆ ದಡದಲ್ಲಿ ಡ್ರೈವಿಂಗ್ ಶಾಲೆ ನಡೆಸುವವನು. ಮಾತೆಲ್ಲ ಬ್ರೇಕು, ಕ್ಲಚ್ಚು ಎಂದು ಹೇಳಿಕೊಟ್ಟ ಹಾಗೆ. ಅವಳನ್ನು ಕಂಡದ್ದೇ ಕಣ್ಣು ತುಂಬಿಕೊಂಡ.

"ನೀನಿದ್ದೆಯಲ್ಲಮ್ಮ, ಅಷ್ಟು ಸಾಕು. ರೂಮ್‌ಮೇಟ್ ಅಂದರೆ ನಿನ್ನ ಹಾಗಿರಬೇಕು. ಸರಿ, ಕೆಳಗೆ ಆಂಬುಲೆನ್ಸ್ ನಿಲ್ಲಿಸಿದ್ದೀನಿ. ನಮ್ಮೂರಿಗೆ ಕರಕೊಂಡು ಹೋಗೋಣ."

"ಅಲುಗಾಡಿಸಬಾರದಂತೆ ಅಣ್ಣ. ಡಾಕ್ಟರು—"

"ಎಲ್ಲಾ ಡಾಕ್ಟರೂ ಹಾಗೇ ಹೇಳೋದು. ಅಪ್ಪನಿಗೂ ಹೀಗೇ ಗುರುತು ಪರಿಚಯ ಇಲ್ಲದ ಕಡೆ ಕತ್ತರಿ ಹಾಕಿದರು. ಆಮೇಲೆ ಏನಾಯ್ತು? ಹೆಣ ತಂದೆವು. ನಮ್ಮ ಕಡೆಯ ಡಾಕ್ಟರು ಅಂದರೆ ಕರೆದರೆ ಓಡಿಬರ್ತಾರೆ. ಎರಡೇ ಗಂಟೆ ದಾರಿ, ನಾನೇ ಓಡಿಸ್ತೀನಿ."

ಎರಡು ಗಂಟೆಯ ದಾರಿ. ಸೇತುವೆ ದಾಟಿದ ಮೇಲಿನ ರಸ್ತೆಯ ಒಂದೊಂದು ಗುಂಡಿಯೂ ಅವಳಿಗೆ ಗೊತ್ತಿತ್ತು. ಅಲ್ಲಿ ಹೋದ ಮೇಲೆ ಬುಗುರಿಯ ಮಂಚದ ಹತ್ತಿರ ತನ್ನನ್ನು ಬಿಡುವವರು ಯಾರು?

ಅವನು ಆಗಲೇ ಕೌಂಟರಿನ ಮುಂದಿದ್ದ. ಕೌಂಟರಿನವಳು ಫಾರಂ ತೆಗೆದಳು.

"ಆಪರೇಷನ್‌ಗೆ ಒಪ್ಪಿಗೆ ಆಗಿದೆಯಲ್ಲ ಸರ್. ಇವರ ತಂಗಿ ಸಹಿ ಹಾಕಿದ್ದಾರೆ."

"ಯಾವ ತಂಗಿ? ನಮ್ಮಮ್ಮ ಹೆತ್ತಿದ್ದು ಇಬ್ಬರನ್ನೇ. ಒಂದು ನಾನು, ಇನ್ನೊಂದು ಒಳಗೆ ಮಲಗಿದೆ."

ಇಬ್ಬರೂ ತಿರುಗಿ ಇವಳನ್ನು ನೋಡಿದರು.

"ಗಾಬರೀಲಿ ಹೇಳಿರ್ತಾಳೆ ಪಾಪ," ಎಂದ ಅಣ್ಣ. "ಬಿಡಿ. ಅದನ್ನ ಹರಿದುಹಾಕಿ. ನಾನು ಒಡಹುಟ್ಟಿದವನು, ನನ್ನ ಸಹಿ ತಗೊಳ್ಳಿ. ಡಿಸ್ಚಾರ್ಜ್ ಮಾಡಿ."

"ಹರಿದು ಹಾಕೋಕೆ ಇದು ಬಸ್ ಟಿಕೆಟ್ಟಾ?" ಕೌಂಟರಿನವಳ ದನಿ ಗಟ್ಟಿಯಾಯಿತು. "ಏನಮ್ಮಾ, ಸುಳ್ಳು ಸಹಿ ಹಾಕಿದರೆ ಕೇಸಾಗತ್ತೆ ಗೊತ್ತಾ? ನೀವು ಸಂಬಂಧಿಕರಲ್ಲ ಅಂದರೆ ಹೊರಗೆ ಹೋಗಿ ಕೂತ್ಕೊಳ್ಳಿ. ಸರ್, ನೀವು ಈ ಫಾರಂ ತುಂಬಿ. ಡಾಕ್ಟರ ಮಾತು ಮೀರಿ ಕರಕೊಂಡು ಹೋಗ್ತಿದ್ದೀನಿ ಅಂತ ಕೆಳಗೆ ಬರೀಬೇಕು."

ಅಣ್ಣ ಜೇಬಿನಿಂದ ಪೆನ್ನು ತೆಗೆದ.

ಮಾತು ಒಂದೇ. ಹೇಳಿದರೆ ಬುಗುರಿ ಇಲ್ಲೇ ಉಳಿಯುತ್ತಾಳೆ. ಆದರೆ ಹದಿನಾಲ್ಕು ವರ್ಷ ಬುಗುರಿ ತನ್ನವರಿಂದ ಬಚ್ಚಿಟ್ಟದ್ದನ್ನು ಅವಳು ಎಚ್ಚರವಿಲ್ಲದೆ ಮಲಗಿರುವಾಗ ಎತ್ತಿ ಬೀದಿಗೆ ಹಾಕಿದ ಹಾಗೆ. ಅಣ್ಣ ಆಚೆ ದಡದ ಠಾಣೆಯಲ್ಲಿ ಒಂದು ಮಾತು ಹೇಳಿದರೆ ಮುಗಿಯಿತು: ಮನೆಯಿಲ್ಲ, ಕೆಲಸವಿಲ್ಲ, ಅಮ್ಮನ ಮುಖ ನೋಡಲಿಕ್ಕಿಲ್ಲ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಆಡದಿದ್ದರೆ ಬುಗುರಿಯೇ ಹೋಗುತ್ತಾಳೆ.

ಪೆನ್ನು ಕಾಗದ ಮುಟ್ಟಿತು.

"ಅಣ್ಣ, ಬರೀಬೇಡಿ," ಎಂದಳು. ಮಾತು ಬೇಕಾದ್ದಕ್ಕಿಂತ ಜೋರಾಗಿ ಬಂತು. "ನಾನು ತಂಗಿ ಅಲ್ಲ. ಅವಳ ಹೆಂಡತಿ. ಇದೇ ಊರಲ್ಲಿ ನೋಂದಣಿ ಆಗಿದೆ."

ಪ್ರಮಾಣಪತ್ರವನ್ನು ಅವರು ಒಮ್ಮೆಯೂ ಸೇತುವೆ ದಾಟಿಸಿರಲಿಲ್ಲ. ಕಾಗದ ಇದ್ದದ್ದು ಈಚೆ ದಡದ ಬಣ್ಣದಂಗಡಿಯ ಡ್ರಾಯರಿನಲ್ಲಿ. ಅದರ ಹನ್ನೊಂದು ಅಂಕಿಯ ನಂಬರನ್ನು ಮಾತ್ರ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದರು. ಅವಳು ಒಂದೇ ಉಸಿರಿಗೆ ಹೇಳಿದಳು. ಕೌಂಟರಿನವಳು ಕಂಪ್ಯೂಟರಿಗೆ ಒತ್ತಿದಳು. ಪರದೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು, ನಿಂತಿತು.

"ಇದೆ," ಎಂದಳು ಕೌಂಟರಿನವಳು, ಕಿಟಕಿ ತೆರೆದಿದೆ ಎಂಬಷ್ಟೇ ಸಲೀಸಾಗಿ. "ಇಬ್ಬರ ಫೋಟೋನೂ ಇದೆ. ಇದನ್ನ ಮೊದಲೇ ಹೇಳೋಕೆ ನಿಮಗೇನು ರೋಗ? ವಾರಕ್ಕೆ ನಾಲ್ಕು ಜೋಡಿ ಬರತ್ತೆ ನಮ್ಮಲ್ಲಿ. ಸುಮ್ಮನೆ ಒಂದು ಫಾರಂ ದಂಡ." ಹೊಸದೊಂದನ್ನು ತಳ್ಳಿದಳು. "ಇಲ್ಲಿ ಸಹಿ ಹಾಕಿ. ಸರ್, ನೀವು ಸ್ವಲ್ಪ ಈ ಕಡೆ ಬನ್ನಿ."

ಅಣ್ಣ ಅಲುಗಾಡಲಿಲ್ಲ. ಕಿವಿಯಿಂದ ಕತ್ತಿನವರೆಗೆ ಕೆಂಪೇರಿತ್ತು.

"ನಮ್ಮನೇಲಿ ಉಂಡಿದ್ದೀಯ. ಅಮ್ಮನ ಕನ್ನಡಕ ನೀನೇ ಮಾಡಿಕೊಟ್ಟಿದ್ದು."

"ಹೌದು ಅಣ್ಣ."

"ಅಣ್ಣ ಅನ್ನಬೇಡ." ಮೆಲ್ಲಗೆ ಹೇಳಿದ; ಅದೇ ಹೆಚ್ಚು ಹೆದರಿಕೆ ತರಿಸಿತು. "ನಮ್ಮ ಕಡೆ ಇದಕ್ಕೆ ಏನು ಅಂತ ಗೊತ್ತಾ?"

"ಏಳು ವರ್ಷ."

"ಗೊತ್ತಿದ್ದೂ ನನ್ನ ಮುಂದೆ ಹೇಳಿದೆ."

"ನೀವು ಪೆನ್ನು ತೆಗೆದಿರಲ್ಲ."

ಅವನು ಕೈಯಲ್ಲಿದ್ದ ಪೆನ್ನು ನೋಡಿದ. ಇವಳು ಕೈಚಾಚಿ ಅದೇ ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ತನ್ನದು ಎಲ್ಲಿಟ್ಟಿದ್ದಳೋ ಆ ಹೊತ್ತಿಗೆ ನೆನಪಿರಲಿಲ್ಲ. ಅವನು ಫೋನು ಹಿಡಿದು ಮೆಟ್ಟಿಲಿಳಿದು ಹೊರಟುಹೋದ. ಯಾರಿಗೆ ಫೋನು? ಅಮ್ಮನಿಗೋ, ಠಾಣೆಗೋ?

ಆಪರೇಷನ್ ಕೋಣೆಯ ಬಾಗಿಲ ಮೇಲೆ ಕೆಂಪು ದೀಪ ಉರಿದ ಎರಡೂವರೆ ಗಂಟೆ ಅವಳು ಆ ಬಾಗಿಲನ್ನೊಮ್ಮೆ, ಮೆಟ್ಟಿಲನ್ನೊಮ್ಮೆ ನೋಡುತ್ತ ಕೂತಳು. ಬೂಟಿನ ಸದ್ದು ಕೇಳಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಬಂದವರು ಸಾಲಾಗಿ ಔಷಧದ ಗಾಡಿಯವನು, ನೆಲ ಒರೆಸುವವಳು, ಯಾರದೋ ಮಾವ.

ಡಾಕ್ಟರು ಹೊರಬಂದು ತಲೆಯಾಡಿಸಿದರು. ಉಳಿದಳು.

ಬುಗುರಿ ಕಣ್ಣು ಬಿಟ್ಟದ್ದು ಮರುದಿನ ಬೆಳಿಗ್ಗೆ. ತಲೆಯ ಸುತ್ತ ಬಿಳಿ ಪಟ್ಟಿ, ಉಗುರಿನಲ್ಲಿ ಇನ್ನೂ ಹಳದಿ ಬಣ್ಣ.

"ಬೋರ್ಡು?" ಎಂದಳು.

"ಅರ್ಧ ಆಗಿದೆ. ಬೇಕರಿಯ ಬದಲು ಬೇಕ ಅಂತ ನಿಂತಿದೆ. ಊರೆಲ್ಲ ಬೇಡ ಅಂತಿದೆ."

ಬುಗುರಿಯ ತುಟಿ ನಗಲು ಹೋಗಿ ನೋವಿಗೆ ನಿಂತಿತು. ಈಗಲೇ ಹೇಳಬೇಕು. ಆಮೇಲೆ ಎಂದರೆ ಅದಕ್ಕೂ ಹದಿನಾಲ್ಕು ವರ್ಷ ಹಿಡಿಯುತ್ತದೆ.

"ನಿನ್ನ ಅಣ್ಣ ಬಂದಿದ್ದರು. ನಿನ್ನನ್ನ ಆಚೆಗೆ ಸಾಗಿಸೋಕೆ ಹೊರಟಿದ್ದರು. ನಾನು ಹೇಳಿಬಿಟ್ಟೆ."

"ಏನು ಹೇಳಿದೆ?"

"ಎಲ್ಲಾ."

ಬುಗುರಿ ಚಾವಣಿ ನೋಡುತ್ತ ಮಲಗಿದಳು. "ಬೈದನಾ?"

"ಇಲ್ಲ."

"ಹಾಗಾದರೆ ತುಂಬಾ ನೊಂದಿದ್ದಾನೆ." ಉಗುರಿನ ಹಳದಿ ಬಣ್ಣ ಕೆರೆಯುತ್ತ, "ಅದು ನಾನು ಹೇಳಬೇಕಾದ ಮಾತು ಕಣೇ. ಎದ್ದ ಮೇಲೆ ನಾನೇ ಹೇಳ್ತಿದ್ದೆ."

"ಹದಿನಾಲ್ಕು ವರ್ಷ ಎದ್ದೇ ಇದ್ದೆಯಲ್ಲ."

ಬಾಯಿ ತಪ್ಪಿ ಬಂದ ಮಾತು. ಬುಗುರಿ ಮುಖ ಆ ಕಡೆ ತಿರುಗಿಸಿಕೊಂಡಳು. ಕಣ್ಣಿನ ಮೂಲೆಯಿಂದ ನೀರು ಇಳಿದು ಪಟ್ಟಿಯೊಳಗೆ ಹೋಯಿತು. ಇವಳು ಒರೆಸಲು ಕೈ ಮುಂದೆ ಮಾಡಿದಳು, ಅರ್ಧದಲ್ಲೇ ನಿಲ್ಲಿಸಿದಳು. ಅಷ್ಟರಲ್ಲಿ ನರ್ಸ್ ಬಾಗಿಲಲ್ಲಿ ತಲೆ ತೂರಿಸಿದಳು. "ಹೊರಗೆ ಯಾರೋ ಕಾಯ್ತಿದ್ದಾರೆ. ನೀವು ಹೂಂ ಅಂದರೆ ಮಾತ್ರ ಒಳಗೆ ಬಿಡೋದು."

ಅವಳು ಹೊರಬಂದಾಗ ಕಾರಿಡಾರಿನ ಬೆಂಚಿನಿಂದ ಅಣ್ಣ ಎದ್ದು ನಿಂತ. ನಿನ್ನೆಯದೇ ಅಂಗಿ, ಮುದುರಿ ಮುದ್ದೆಯಾಗಿತ್ತು. ಊರಿಗೆ ಹೋಗಿರಲಿಲ್ಲ. ಅವಳ ಕಣ್ಣು ತಾನಾಗಿಯೇ ಅವನ ಹಿಂದೆ ಮೆಟ್ಟಿಲವರೆಗೆ ಹುಡುಕಿತು. ಪೊಲೀಸರಿರಲಿಲ್ಲ.

"ಫೋನು ಯಾರಿಗೆ ಅಂತ ಕೇಳೋದಿಲ್ವಾ?" ಎಂದ.

"ಕೇಳೋಕೆ ಧೈರ್ಯ ಇಲ್ಲ."

"ಯಾರಿಗೂ ಮಾಡಲಿಲ್ಲ. ಆಂಬುಲೆನ್ಸ್ ವಾಪಸ್ ಕಳಿಸಿದೆ, ಅಷ್ಟೇ. ಅಮ್ಮನಿಗೆ ಏನು ಹೇಳಬೇಕು ಅಂತ ಗೊತ್ತಾಗ್ತಿಲ್ಲ. ಇವತ್ತು ಹೇಳೋದಿಲ್ಲ. ನಾಳೆ ಏನೋ, ನನಗೇ ಗೊತ್ತಿಲ್ಲ." ಮುಖ ಉಜ್ಜಿಕೊಂಡ. "ನಾನು ಒಪ್ಪಿದೆ ಅಂತ ನೀವು ಅಂದುಕೋಬೇಡಿ."

ಮೊದಲ ಸಲ 'ನೀವು' ಎಂದಿದ್ದ. ಹತ್ತಿರ ಬಂದನೋ ದೂರ ಹೋದನೋ ಅವಳಿಗೆ ಹೇಳಲಾಗಲಿಲ್ಲ.

"ಒಳಗೆ ಬಿಡ್ತೀರಾ?"

ಹೂಂ ಎನ್ನಲು ಬಾಯಿ ತೆರೆದವಳು ತಡೆದಳು.

"ಒಂದು ನಿಮಿಷ ಇರಿ," ಎಂದು ಬಾಗಿಲಿಗೆ ಕೈಯಿಟ್ಟಳು. "ಅವಳನ್ನ ಕೇಳಿ ಬರ್ತೀನಿ."