ಹದಿನಾಲ್ಕನೇ ಕೋಣೆಯ ಬೀಗ

ನಾನು ಒಂದು ಬೀಗ. ಹಿತ್ತಾಳೆಯದು, ಏಳು ಲಿವರಿನದು, ಅಂಗೈಯಷ್ಟು ಅಗಲ. ಹುಟ್ಟಿದ್ದು ಅಲೀಗಢದ ಒಂದು ಓಣಿಯಲ್ಲಿ, ಹಗಲಲ್ಲೂ ದೀಪ ಹಚ್ಚಿಕೊಂಡು ಕೆಲಸ ಮಾಡುವ ಕಾರ್ಖಾನೆಯಲ್ಲಿ. ನನ್ನನ್ನು ಅರದಿಂದ ತಿಕ್ಕಿದವನಿಗೆ ಬಲಗೈಯಲ್ಲಿ ನಾಲ್ಕೇ ಬೆರಳು. ಮೂರು ಸಲ ಹಾಕಿ ತೆಗೆದು ನೋಡಿ ಪೆಟ್ಟಿಗೆಗೆ ಎಸೆದ. ಹರಸಲಿಲ್ಲ. ದಿನವಿಡೀ ಬೀಗ ತಿಕ್ಕುವವನಿಗೆ ಅದಕ್ಕೆಲ್ಲ ಪುರುಸೊತ್ತು ಎಲ್ಲಿ?

ರೈಲು, ಲಾರಿ, ಹಾರ್ಡ್‌ವೇರ್ ಅಂಗಡಿಯ ಕಪಾಟು ದಾಟಿ ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯಕ್ಕೆ ಬಂದೆ. ಇಲ್ಲಿಯವರು ನನ್ನನ್ನು ಕೀಲಿ ಅನ್ನುತ್ತಾರೆ, ಬೀಗದ ಕೈಯನ್ನು ಚಾವಿ ಅನ್ನುತ್ತಾರೆ. ಮೊದಲ ಒಂಬತ್ತು ವರ್ಷ ಹಾಸ್ಟೆಲಿನ ವಾಚನಾಲಯದ ಬಾಗಿಲಲ್ಲಿ ನೇತಾಡಿದೆ. ಅಲ್ಲಿ ಪುಸ್ತಕಗಳು ಸಾಕಷ್ಟಿದ್ದವು, ಓದುವವರು ಆರು ಜನ. ಒಮ್ಮೆ ಎಂ.ಎ. ವಿದ್ಯಾರ್ಥಿಯೊಬ್ಬ ಚಾವಿ ಕಳೆದುಕೊಂಡು ಕಲ್ಲಿನಿಂದ ನನ್ನನ್ನು ಜಜ್ಜಿದ. ಚಿಲಕ ಮುರಿಯಿತು, ನಾನು ಮುರಿಯಲಿಲ್ಲ. ಎಡಗೆನ್ನೆಯ ಮೇಲೆ ಆ ಗಾಯ ಈಗಲೂ ಇದೆ. ಗಟ್ಟಿ ಇದ್ದೇನೆಂದು ನನ್ನನ್ನು ನಿರಂತರ ಶಿಕ್ಷಣ ವಿಭಾಗದ ಹದಿನಾಲ್ಕನೇ ಕೋಣೆಗೆ ವರ್ಗ ಮಾಡಿದರು.

ಆ ಕೋಣೆಯಲ್ಲಿ ಸಂಜೆ ಆರರಿಂದ ಎಂಟರವರೆಗೆ ಗ್ರಂಥಾಲಯ ಸಹಾಯಕರ ಸರ್ಟಿಫಿಕೇಟ್ ಕೋರ್ಸ್ ನಡೆಯುತ್ತಿತ್ತು. ಹಗಲೆಲ್ಲ ದುಡಿದವರು ಬರುತ್ತಿದ್ದರು: ಬಸ್ ಕಂಡಕ್ಟರ್, ಟೇಲರ್, ಅಂಗನವಾಡಿ ಟೀಚರು. ಬೆಂಚು ಚಿಕ್ಕವು, ಮಂಡಿಗಳು ದೊಡ್ಡವು. ಬಾಗಿಲು ತೆಗೆದ ಮೇಲೆ ನನ್ನನ್ನು ಹೊರಗಡೆ ಚಿಲಕಕ್ಕೇ ಸಿಕ್ಕಿಸುತ್ತಿದ್ದುದರಿಂದ ನನಗೆ ಬೋರ್ಡು ಕಾಣುತ್ತಿರಲಿಲ್ಲ. ಪಾಠ ಮಾತ್ರ ಕೇಳುತ್ತಿತ್ತು.

ಬಾಗಿಲು ತೆಗೆಯುವವಳು ದ್ಯಾಮವ್ವ ಕಟ್ಟೀಮನಿ. ನಲವತ್ತೆರಡು ವರ್ಷ, ಅದೇ ಕಟ್ಟಡದ ಕಸ ಗುಡಿಸುವವಳು. ಅವಳೂ ಆ ತರಗತಿಯ ವಿದ್ಯಾರ್ಥಿನಿಯೇ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಎರಡು ಅಟೆಂಡರ್ ಹುದ್ದೆ ಖಾಲಿಯಾಗಲಿದ್ದವು, ಒಂದು ಆ ವರ್ಷ, ಇನ್ನೊಂದು ಮರುವರ್ಷ. ಒಳಗಿನ ಕೆಲಸಗಾರರಿಗೇ ಕೊಡುವುದು, ಆದರೆ ಈ ಸರ್ಟಿಫಿಕೇಟ್ ಇರಬೇಕು.

“ಪುಸ್ತಕದ ಮ್ಯಾಲಿನ ಧೂಳ ಹೊಡದದ್ದು ಸಾಕಾಗೇತಿ ಚಾಚಾ. ಒಳಗ ಏನ್ ಬರದಾರ ನೋಡಬೇಕಾಗೇತಿ,” ಎಂದು ಅವಳು ಮೌಲಾಸಾಬನಿಗೆ ಹೇಳಿದ್ದಳು.

ಮೌಲಾಸಾಬ ಕಟ್ಟಡದ ಕಾವಲುಗಾರ. ಎಲ್ಲ ಚಾವಿಗಳೂ ಅವನ ಮೇಜಿನ ಮೇಲೆ. ಕುಲಪತಿಯೇ ಬರಲಿ, ಚಾವಿ ಪುಸ್ತಕದಲ್ಲಿ ಹೊತ್ತು ಬರೆದು ಸಹಿ ಮಾಡದೆ ಚಾವಿ ಕೊಡುವವನಲ್ಲ.

“ನಿನ್ನೆ ಮಾಡೀನಲ್ಲ ಚಾಚಾ ಸಹಿ.”

“ನಿನ್ನೆ ಊಟಾನೂ ಮಾಡೀಯಲ್ಲವಾ, ಇವತ್ತ ಬ್ಯಾಡೇನು?”

ಐದೂಮುಕ್ಕಾಲಿಗೆ ದ್ಯಾಮವ್ವ ಸಹಿ ಹಾಕಿ, ನನ್ನನ್ನು ತೆಗೆದು, ಮಹಡಿ ಹತ್ತುತ್ತಿದ್ದಳು. ಮೇಲಿನ ಏಳು ಕೋಣೆ ಮುಚ್ಚುವ ಕೆಲಸವನ್ನು ಸೂಪರ್‌ವೈಸರ್ ಕಲ್ಲನಗೌಡ ಅವಳಿಗೇ ಅಂಟಿಸಿದ್ದ. “ಹೆಂಗೂ ಸಂಜೀಕ ಇಲ್ಲೇ ಇರ್ತಿ, ಮುಚ್ಚಿಬಿಡು,” ಅಂದಿದ್ದ. ಹಗಲಿನ ಹುಡುಗರು ಅಲ್ಲಿಂದ ಹೊರಬೀಳುವುದೇ ಆರಕ್ಕೆ. ಏಳೂ ಚಾವಿ ಮೌಲಾಸಾಬನಿಗೆ ಒಪ್ಪಿಸಿ, ಮತ್ತೆ ಸಹಿ ಹಾಕಿ, ಅವಳು ಹಿಂದಿನ ಬೆಂಚಿನಲ್ಲಿ ಕೂರುವಾಗ ಆರೂ ಇಪ್ಪತ್ತು.

ಪಾಠ ಮಾಡುವ ಹೆಬ್ಬಳ್ಳಿ ಸರ್ ಆರಕ್ಕೆ ಸರಿಯಾಗಿ ಹಾಜರಿ ಕರೆಯುತ್ತಿದ್ದರು. ಹೆಸರಲ್ಲ, ನಂಬರು. ತಲೆ ಎತ್ತುತ್ತಿರಲಿಲ್ಲ. ತಡವಾಗಿ ಬಂದವರನ್ನು ಬೈಯುತ್ತಿರಲಿಲ್ಲ, ಹಾಜರಿಯನ್ನೂ ಕೊಡುತ್ತಿರಲಿಲ್ಲ.

“ಹದಿನೇಳು... ಹದಿನೇಳು ಇವತ್ತೂ ಇಲ್ಲೇನು?”

ಹದಿನೇಳು ಯಾರೆಂದು ಒಳಗೆ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮೊದಲ ದಿನ ಅವಳು ತನ್ನ ಪ್ರವೇಶ ಚೀಟಿಯನ್ನು ನನ್ನ ಮುಂದೆಯೇ ಬಿಚ್ಚಿ ಓದಿಕೊಂಡಿದ್ದಳು. ಆದರೆ ನನ್ನ ಬಾಯಿ ಚಾವಿಗೆ ಮಾತ್ರ ತೆರೆಯುವಂಥದ್ದು.

ದ್ಯಾಮವ್ವನಿಗೆ ಯಾವ ಅನುಮಾನವೂ ಇರಲಿಲ್ಲ. ಕಸ ಗುಡಿಸುವವರ ಹಾಜರಿ ಕಚೇರಿಗೆ ಹೋಗುತ್ತಿದ್ದುದು ಮೌಲಾಸಾಬನ ಪುಸ್ತಕದಿಂದಲೇ. ಹದಿನೆಂಟು ವರ್ಷದಿಂದ ಅವಳಿಗೆ ಗೊತ್ತಿದ್ದ ಹಾಜರಿ ಅದೊಂದೇ. ಬೆಳಗಿನ ಸಹಿ ಕೆಲಸದ್ದು, ಸಂಜೆಯ ಸಹಿ ಓದಿನದು ಎಂದು ತಿಳಿದಿದ್ದಳು. ಗುಮಾಸ್ತ ಬೆಳಗಿನ ಸಾಲನ್ನಷ್ಟೇ ನೋಡುತ್ತಾನೆಂದು ಅವಳಿಗೆ ಹೇಳುವವರು ಯಾರು?

ಅವಳು ಚೆನ್ನಾಗಿ ಕಲಿಯುತ್ತಿದ್ದಳು. ಒಮ್ಮೆ ಸರ್ ಕೇಳಿದರು: “ಒಂದು ಪುಸ್ತಕ ತಪ್ಪು ಕಪಾಟಿನಾಗ ಇಟ್ರ ಏನಾಗ್ತದ?” ಹಿಂದಿನ ಬೆಂಚಿನಿಂದ ದನಿ ಬಂತು: “ಕಳದಂಗರೀ ಸರ್. ಮನ್ಯಾಗ ಇದ್ರೂ ಕಳದಂಗ.”

“ಬರೋಬ್ಬರಿ ಹೇಳಿದ್ರಿ ಅಕ್ಕಾರ. ಎಲ್ಲಾರೂ ಬರಕೊಳ್ರಿ.”

ಫೆಬ್ರವರಿಯಲ್ಲಿ ಗುಮಾಸ್ತ ಒಂದು ಹಾಳೆಯನ್ನು ಬಾಗಿಲಿಗೆ ಅಂಟಿಸಿದ. ಅಂಟು ನನ್ನ ತಲೆಯ ಮೇಲೂ ಸುರಿಯಿತು. ‘ಹಾಜರಿ ಕೊರತೆಯಿಂದ ಪರೀಕ್ಷೆಗೆ ಅರ್ಹರಲ್ಲದವರು.’ ಕೆಳಗೆ ಒಂದೇ ನಂಬರು, ಹದಿನೇಳು. ಶೇಕಡಾ ಸೊನ್ನೆ.

ಕಂಡಕ್ಟರ್ ನಕ್ಕ. “ಯಾರಪಾ ಈ ಹದಿನೇಳು? ಟಿಕೀಟು ತಗೊಂಡು ಬಸ್ಸ ಹತ್ತಿಲ್ಲ ಮಗಾ!”

ಚಾವಿ ಹಿಡಿದು ನಿಂತಿದ್ದ ದ್ಯಾಮವ್ವ, “ಅದು ನಾನ,” ಅಂದಳು.

ಅವಳು ಮಹಡಿ ಹತ್ತಲಿಲ್ಲ. ನೇರ ಮೌಲಾಸಾಬನ ಬಳಿ ಹೋಗಿ ಪುಸ್ತಕ ಕೇಳಿದಳು.

“ಪುಸ್ತಕ ಒಂದ ಎಲ್ಲೂ ಹೋಗಂಗಿಲ್ಲ. ಹೋದ್ರ ನನ್ನ ಕೂಡನ ಹೋಗ್ತೈತಿ,” ಎಂದು ಅವನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದ.

ವಿಭಾಗದ ಮುಖ್ಯಸ್ಥೆ ದೇಸಾಯಿ ಮೇಡಂ ಅವರ ಕೋಣೆ ನನ್ನೆದುರಿಗೇ. ಇಬ್ಬರೂ ಒಳಗೆ ಹೋದ ಮೇಲೆ ಮೇಡಂ ಹೆಬ್ಬಳ್ಳಿ ಸರ್ ಅವರನ್ನೂ ಕರೆಸಿದರು. ಬಾಗಿಲು ತೆರೆದೇ ಇತ್ತು.

“ಇದು ಚಾವಿ ಒಯ್ದ ಪುಸ್ತಕ ದ್ಯಾಮವ್ವಾ. ಕ್ಲಾಸಿನ ಹಾಜರಿ ಅಲ್ಲ,” ಅಂದರು ಮೇಡಂ.

“ಚಾವಿ ಒಯ್ದದ್ದು ಕ್ಲಾಸ್ ತೆಗ್ಯಾಕರೀ. ನಾ ಬರದಿದ್ರ ಸರ್ ಹೊರಗ ನಿಂತ ಹಾಜರಿ ಕರೀಬೇಕಾಗ್ತಿತ್ರಿ.”

ಸರ್ ಕೆಮ್ಮಿದರು. “ಅದು ಖರೆ. ಆದ್ರ ದಿನಾ ಆ ಇಪ್ಪತ್ತು ನಿಮಿಷ ಎಲ್ಲಿ ಇರ್ತಿದ್ರಿ?”

ಅವಳು ಮೇಲಿನ ಕೋಣೆಗಳ ವಿಷಯ ಹೇಳಿದಳು. ಮೇಡಂ ಪುಟ ತಿರುವಿದರು.

“ನಿನ್ನ ಡ್ಯೂಟಿ ಎಷ್ಟಕ್ಕ ಮುಗೀತದ?”

“ಐದೂವರಿಗೆರಿ.”

“ದಿನಾಲೂ ಆರೂ ಇಪ್ಪತ್ತಕ್ಕ ಏಳು ಚಾವಿ ಜಮಾ ಅಂತ ಇಲ್ಲಿ ಅದ. ಯಾರು ಹೇಳಿದ್ದು ನಿನಗ?”

ಕಲ್ಲನಗೌಡ ಓಡಿಬಂದ. ಅವನಿಗೆ ಮೇಡಂ ಅಂದದ್ದನ್ನು ನಾನು ಇಲ್ಲಿ ಹೇಳುವುದಿಲ್ಲ. ಅವನು ಹೊರಬಂದಾಗ ಕಿವಿ ಕೆಂಪಾಗಿದ್ದವು. ಆದರೆ ಹಾಜರಿ ಬದಲಾಗಲಿಲ್ಲ.

“ನಿಯಮ ನಾ ಮುರಿಯಂಗಿಲ್ಲ,” ಅಂದರು ಮೇಡಂ. “ಇವತ್ತ ಮುರದ್ರ ನಾಳೆ ನಿನ್ನ ಸರ್ಟಿಫಿಕೇಟನ್ನ ಯಾರರೆ ಪ್ರಶ್ನೆ ಮಾಡ್ತಾರ. ಮುಂದಿನ ವರ್ಷ ಮತ್ತ ಕೂಡು. ಡ್ಯೂಟಿ ಮುಗಿದ ಮ್ಯಾಲೆ ನಿನಗ ಯಾರೂ ಕೆಲಸ ಹಚ್ಚಂಗಿಲ್ಲ, ಅದು ನನ್ನ ಜವಾಬ್ದಾರಿ.”

ದ್ಯಾಮವ್ವ ಅಳಲಿಲ್ಲ. ಹೊರಗೆ ಬಂದು ನನ್ನ ಮೇಲಿನ ಅಂಟನ್ನು ಸೆರಗಿನಿಂದ ಒರೆಸಿದಳು.

“ನನ್ನ ಹಾಜರಿ ತಪ್ಪು ಕಪಾಟಿನಾಗ ಇಟ್ಟೆ ಚಾಚಾ,” ಅಂದಳು. “ಒಂದ ಹುದ್ದೆ ಹೋತು. ಇನ್ನೊಂದೈತಿ.”

ಪರೀಕ್ಷೆ ಇಲ್ಲದಿದ್ದರೂ ಉಳಿದ ತರಗತಿಗಳಿಗೆಲ್ಲ ಬಂದಳು. ಜೂನ್‌ನಲ್ಲಿ ಮತ್ತೆ ಹೆಸರು ಹಚ್ಚಿಸಿದಳು. ಕಲ್ಲನಗೌಡ ಮತ್ತೆ ಬಂದ. “ಈ ಸಲ ನಾಕ ರೂಮ್ ಅಷ್ಟ ಮುಚ್ಚು, ಮೇಡಂಗ ಹೇಳಬ್ಯಾಡ.”

“ಮುಚ್ಚತೇನ್ರಿ. ಹಂಗಂತ ಚಾಚಾನ ಪುಸ್ತಕದಾಗ ನೀವು ಬರದು ಸಹಿ ಮಾಡ್ರಿ.”

ಅವನು ಪೆನ್ನು ಮುಟ್ಟಲಿಲ್ಲ. ಮತ್ತೆ ಬರಲೂ ಇಲ್ಲ.

ಆ ಸಂಜೆ ಅವಳು ಮೊದಲ ಬೆಂಚಿನಲ್ಲಿ ಕೂತಳು. ಹೊಸ ನಂಬರು ಒಂಬತ್ತು.

“ಒಂಬತ್ತು.”

“ಹಾಜರ್ ಸರ್!”

ಚಿಲಕದಲ್ಲಿ ನೇತಾಡುತ್ತಿದ್ದ ನಾನೇ ಒಮ್ಮೆ ಅಲುಗಾಡಿದೆ. “ಇಷ್ಟ ಹತ್ರ ಕುಂತು ಅಷ್ಟ ಜೋರ ಬ್ಯಾಡ್ರಿ ಅಕ್ಕಾರ,” ಅಂದರು ಸರ್.

“ಹೋದ ವರ್ಷದ್ದೂ ಕೂಡಿಸೇನ್ರಿ ಸರ್.”

ಅವಳು ಎರಡನೇ ದರ್ಜೆಯಲ್ಲಿ ಪಾಸಾದಳು. ಹುದ್ದೆ ಸಿಕ್ಕಿತು. ನನಗೂ ಬದಲಾವಣೆ ಬಂತು. ಬಾಗಿಲುಗಳಿಗೆ ಒಳಬೀಗ ಕೂಡಿಸಿ ನನ್ನನ್ನು ಸ್ಟೋರಿನ ಬಕೆಟ್ಟಿಗೆ ಎಸೆದರು. ಒಡೆದ ಸ್ವಿಚ್ಚು, ತುಂಡು ವೈರುಗಳ ನಡುವೆ ನಾಲ್ಕು ವರ್ಷ ಬಿದ್ದಿದ್ದೆ. ಮೈ ಹಸಿರುಗಟ್ಟಿತು. ಒಂದು ದಿನ ಕಪಾಟಿಗೆ ಬೀಗ ಹುಡುಕುತ್ತ ದ್ಯಾಮವ್ವ ಬಂದಳು. ನನ್ನ ಗಾಯದ ಮೇಲೆ ಬೆರಳಾಡಿಸಿ, “ನೀ ಇನ್ನೂ ಅದಿಯೇನು?” ಅಂದಳು. ಅಷ್ಟೇ. ಎಣ್ಣೆ ಬಿಟ್ಟು ಒಯ್ದಳು.

ಈಗ ನಾನು ಗ್ರಂಥಾಲಯದಲ್ಲಿ ಹಳೆಯ ದಾಖಲೆಗಳ ಕಪಾಟಿಗಿದ್ದೇನೆ. ಮೌಲಾಸಾಬ ನಿವೃತ್ತನಾದ. ಅವನ ಚಾವಿ ಪುಸ್ತಕಗಳು ಇದೇ ಕಪಾಟಿನಲ್ಲಿವೆ. ದ್ಯಾಮವ್ವ ಅವಕ್ಕೆ ನಂಬರು ಅಂಟಿಸಿ ಸರಿಯಾದ ಸಾಲಿನಲ್ಲಿ ಇಟ್ಟಿದ್ದಾಳೆ. ಬೀಗ ಎಂದರೆ ಮುಚ್ಚುವುದಕ್ಕೆ ಎಂದು ಜನ ತಿಳಿಯುತ್ತಾರೆ. ನಾನು ತೆರೆದ ದಿನಗಳಿಗೆಲ್ಲ ಆ ಪುಟಗಳಲ್ಲಿ ಅವಳ ಸಹಿ ಇದೆ.

ಮೊನ್ನೆ ಸಂಜೆ ಗುಡಿಸುವ ರತ್ನವ್ವ ಈ ಕಪಾಟಿಗೆ ಬೀಗ ಹಾಕಲು ಬಂದಳು. ಕಂಕುಳಲ್ಲಿ ಪೊರಕೆ, ಕೈಯಲ್ಲಿ ನೋಟ್‌ಬುಕ್ಕು. ಈ ವರ್ಷ ಸಂಜೆ ಕೋರ್ಸಿಗೆ ಸೇರಿದ್ದಾಳೆ.

ದ್ಯಾಮವ್ವ ಅವಳ ಕೈಯಿಂದ ಚಾವಿ ಕಿತ್ತುಕೊಂಡಳು. “ನಡಿ, ಓಡು. ನಂಬರ ಕೂಗೂದ್ರಾಗ ಹೋಗಿ ಕುಂಡ್ರು. ಕೀಲಿ ನಾ ಹಾಕ್ತೇನಿ.”

ನನ್ನ ಎರಡು ಲಿವರು ಸವೆದಿವೆ. ಆದರೂ ಒಂದೇ ಒತ್ತಿಗೆ ಕೂತೆ. ಆರಕ್ಕೆ ಇನ್ನೂ ಮೂರು ನಿಮಿಷ ಇತ್ತು.