ಹದಿನಾಲ್ಕನೆಯ ಪುಟ

"ಎಂತದೇ ಅದು ಕಣ್ಣಿಗೆ? ಸಾಯುವ ಹೆಂಗಸಿಗೆ ನಾಟಕದವಳ ರೆಪ್ಪೆ ಯಾಕೆ? ಯಾರನ್ನು ಬುಟ್ಟಿಗೆ ಹಾಕಿಕೊಳ್ಳಲಿಕ್ಕೆ?"

ಭುಜಂಗ ಧಣಿ ಜಗಲಿಯ ಮೆಟ್ಟಿಲ ಮೇಲೆ ನಿಂತು ಕೇಳಿದ. ಕೆಳಗೆ ಅಂಗಳದಲ್ಲಿ ಆರು ಹೆಂಗಸರು ಅವನ ತೋಟದ ಮಲ್ಲಿಗೆ ಕಟ್ಟುತ್ತಿದ್ದರು. ಮನೋರಮಾ ಬಾಳೆನಾರಿನ ಗಂಟು ಬಿಗಿದು, ತಲೆಯೆತ್ತಿ, ಉದ್ದ ಕೂದಲಿನ ಆ ರೆಪ್ಪೆಗಳನ್ನು ಬೇಕೆಂದೇ ಪಟಪಟ ಬಡಿದಳು.

"ನಿಮ್ಮನ್ನೇ ಧಣಿ. ಇಲ್ಲಿ ಬೇರೆ ಗಂಡಸರು ಯಾರುಂಟು?"

ಹೆಂಗಸರು ಬಿದ್ದು ಬಿದ್ದು ನಕ್ಕರು. ಅವರಲ್ಲೊಬ್ಬಳಾದ ಅಪೊಲೋನಿಯಾ ಬಾಯಿಯ ಮಡಿಲ ಮೊಗ್ಗೆಲ್ಲ ಚೆಲ್ಲಿತು.

"ಬೇವರ್ಸಿಗಳಾ, ಕೈ ಆಡಲಿ, ಬಾಯಿ ಬೇಡ! ಹನ್ನೊಂದಕ್ಕೆ ಕಟಪಾಡಿಯ ಹೂವಿನ ಮಾರ್ಕೆಟಿಗೆ ಹೂ ಮುಟ್ಟದಿದ್ದರೆ ಒಬ್ಬೊಬ್ಬಳ ಸೊಂಟ ಮುರಿಯುತ್ತೇನೆ."

ಏಳು ತಿಂಗಳ ಹಿಂದೆ ಮನೋರಮಾಳ ಸೊಂಟ ಮುರಿಯಲು ಧಣಿ ಬೇಕಾಗಿರಲಿಲ್ಲ. ಬೀಡಿಯ ಹೊಗೆ ಸಹ ಕಾಣದ ಶ್ವಾಸಕೋಶದಲ್ಲಿ ಹುಟ್ಟಿದ ಕ್ಯಾನ್ಸರ್ ಬೆನ್ನೆಲುಬಿಗೆ ಇಳಿದಿತ್ತು. ಕೀಮೋ ಕೈಕೊಟ್ಟಿತ್ತು. ಆಗ ಕಾಪುವಿನ ಹೈವೇ ಬದಿಯ ಗಾಜಿನ ಆಸ್ಪತ್ರೆಯಲ್ಲಿ ಎರಡು ಹೊಸ ಮಾತ್ರೆಗಳನ್ನು ಜೊತೆಗೆ ಕೊಟ್ಟು ನೋಡುವ ಪ್ರಯೋಗಕ್ಕೆ ಜನ ಬೇಕಿತ್ತು. ಧಣಿ ಪರಿಚಯದ ಡಾಕ್ಟರಿಗೆ ಫೋನು ಮಾಡಿದ್ದು ಅವಳ ಎದುರೇ: "ನಮ್ಮ ಹೂವಿನವಳು ಒಬ್ಬಳಿದ್ದಾಳೆ. ಹಿಂದೆ ಮುಂದೆ ಕೇಳುವವರಿಲ್ಲ. ಹೆಚ್ಚುಕಮ್ಮಿ ಆದರೂ ತೊಂದರೆ ಇಲ್ಲ."

ಹೆಚ್ಚುಕಮ್ಮಿ ಆಗಲಿಲ್ಲ. ಮಾತ್ರೆಯಿಂದ ಮೊದಲು ಮುಖದ ತುಂಬ ಮೊಡವೆ ಎದ್ದವು. ಆಮೇಲೆ ರೆಪ್ಪೆಗೂದಲು ಉದ್ದವಾಗಿ ಸುರುಳಿ ಸುತ್ತಿದವು. ನಾಲ್ಕನೆಯ ತಿಂಗಳ ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕರ್ಧ ಕರಗಿತ್ತು. ಈಗ ಅವಳಿಗೆ ಹಸಿವೋ ಹಸಿವು. ಓಡಿ ಬಸ್ಸು ಹತ್ತುತ್ತಿದ್ದಳು. ಸುಮ್ಮಸುಮ್ಮನೆ ನಗು ಬರುತ್ತಿತ್ತು. ಉಸಿರು ಪೂರ್ತಿ ಒಳಗೆ ಹೋಗಿ ಬರುವುದೇ ಒಂದು ಅಮಲು.

ಪ್ರಯೋಗಕ್ಕೆ ಸೇರಿಸುವಾಗ ಕೋ-ಆರ್ಡಿನೇಟರ್ ಸುಕೇಶ್ ಇಪ್ಪತ್ತೆರಡು ಪುಟದ ಕನ್ನಡ ಒಪ್ಪಿಗೆ ಪತ್ರ ಮುಂದಿಟ್ಟು, "ಓದಿ ಎಂತ ಮಾಡ್ತೀರಿ, ಸಹಿ ಹಾಕಿ" ಎಂದಿದ್ದ. ಒಂದು ಪ್ರತಿ ಮನೆಗೆ ಕೊಡಬೇಕೆಂಬ ನಿಯಮವಿದ್ದುದರಿಂದ ಕೊಟ್ಟ. ಹೂ ಕಟ್ಟುವವರಿಗೆ ಕೈಗೆ ಮಾತ್ರ ಕೆಲಸ, ಕಿವಿ ಖಾಲಿ. ಏಳನೆಯ ಕ್ಲಾಸು ಕಲಿತ ಅಪೊಲೋನಿಯಾ ಬಾಯಿ ದಿನಕ್ಕೊಂದು ಪುಟದಂತೆ, ವಾರಪತ್ರಿಕೆಯ ಧಾರಾವಾಹಿಯ ಹಾಗೆ, ಅದನ್ನು ಗಟ್ಟಿಯಾಗಿ ಓದಿದಳು. ಅವಳ ಪಾಲಿನ ಹೂ ಉಳಿದವರು ಕಟ್ಟಿದರು. ವಾಂತಿ, ಭೇದಿಯ ಮಾತು ಬಂದಾಗ ಲೊಚಗುಟ್ಟಿದರು. 'ಗರ್ಭ ಧರಿಸಬಾರದು' ಎಂದು ಬಂದಾಗ ಐವತ್ತಮೂರರ ವಿಧವೆ ಮನೋರಮಾಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಗಿದ ಮೇಲೆ ಪುನಃ ಮೊದಲಿನಿಂದ. ಹೀಗೆ ಏಳೆಂಟು ಸುತ್ತು ಆಗಿತ್ತು.

ಧಣಿ ಒಳಗೆ ಹೋದದ್ದೇ ಫೋನು ಬಂತು.

"ಸಬ್ಜೆಕ್ಟ್ ನಂಬರ್ ಹದಿನೇಳು ಅಲ್ವಾ? ಸುಕೇಶ್ ಮಾತಾಡುವುದು. ಟ್ರಯಲ್ ಕ್ಲೋಸ್ ಆಯ್ತು. ಉಳಿದ ಮಾತ್ರೆ ಇವತ್ತೇ ತಂದು ಒಪ್ಪಿಸಿ."

"ಹೊಸದು ಯಾವಾಗ ಕೊಡುವುದು?"

"ಹೊಸದು ಇಲ್ಲ. ಮುಗಿಯಿತು ಅಂದರೆ ಮುಗಿಯಿತು."

ಮನೋರಮಾ ಅದನ್ನು ಹಾಗೆಯೇ ಉಳಿದವರಿಗೆ ಹೇಳಿದಳು. ನಗು ನಿಂತಿತು.

"ಹದಿನಾಲ್ಕನೆಯ ಪುಟದಲ್ಲಿ ಹಾಗೆ ಇಲ್ಲವಲ್ಲ ಮಾರಾಯ್ತಿ?" ಅಂದಳು ಅಪೊಲೋನಿಯಾ ಬಾಯಿ.

ಮನೋರಮಾ ಎದ್ದು ನಿಂತಳು. "ಬುಟ್ಟಿ ಎತ್ತಿ."

ಆರು ಹೆಂಗಸರು, ಆರು ಬುಟ್ಟಿ, ಧಣಿಯ ಅರ್ಧ ಕಟ್ಟಿದ ಮಲ್ಲಿಗೆ. ಬಸ್ಸಿಡೀ ಘಮ್ಮೆಂದಿತು.

"ಯಾರ ಮದುವೆ ಅಕ್ಕ?" ಕಂಡಕ್ಟರ್ ಕೇಳಿದ.

"ನನ್ನದೇ! ಗಂಡು ಬೇಡ ಅಂತ ಹೇಳಿದ್ದಾನಂತೆ. ವಿಚಾರಿಸಲಿಕ್ಕೆ ಹೊರಟದ್ದು."

ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಪಡಸಾಲೆಯಲ್ಲಿ ಸುಕೇಶ್ ತಲೆಯೆತ್ತದೆ, "ಹೂ ಮಾರುವವರು ಹಿಂದಿನ ಗೇಟಿಗೆ" ಅಂದ. ಆಮೇಲೆ ಗುರುತು ಹಿಡಿದು ಕೈ ಚಾಚಿದ. "ಮಾತ್ರೆಯ ಬಾಟ್ಲಿ ಕೊಡಿ."

"ಯಾಕೆ ನಿಲ್ಲಿಸಿದ್ದು? ನನಗೆ ಗುಣ ಉಂಟಲ್ಲ?"

"ನಿಮಗೆ ಉಂಟು. ಒಟ್ಟು ಸರಾಸರಿಯಲ್ಲಿ ಇಲ್ಲ. ಮಾತ್ರೆಯ ಕಂಪನಿಗೆ ಬೇಡವಂತೆ."

"ಈ ಸರಾಸರಿ ಯಾರ ಮನೆಯವಳು? ಅವಳಿಗೆ ಗುಣ ಆಗದ್ದಕ್ಕೆ ನಾನು ಸಾಯಬೇಕಾ?"

ಬೆಂಚಿನಲ್ಲಿ ಕೂತಿದ್ದ ರೋಗಿಗಳು ಕಿಸಕ್ಕೆಂದರು. ಸುಕೇಶನ ಕಿವಿ ಕೆಂಪಾಯಿತು.

"ಅಮ್ಮಾ, ನಿಮಗೆಲ್ಲ ಇದು ಅರ್ಥ ಆಗುವುದಿಲ್ಲ. ಪುಕ್ಕಟೆ ಮಾತ್ರೆ ತಿಂದು ಏಳು ತಿಂಗಳು ಜಾಸ್ತಿ ಬದುಕಿದಿರಿ. ಉಪಕಾರ ನೆನೆಸಿಕೊಂಡು ಹೋಗಿ."

ಒಪ್ಪಿಗೆ ಪತ್ರ ಮನೆಯಲ್ಲೇ ಉಳಿದಿತ್ತು. ಬೇಕಾಗಲಿಲ್ಲ. ಅಪೊಲೋನಿಯಾ ಬಾಯಿ ಶುರು ಮಾಡಿದಳು, ಐದು ಗಂಟಲು ಸೇರಿಕೊಂಡವು, ಭಜನೆಯ ಹಾಗೆ, ಉಸಿರು ಕಟ್ಟಿಕೊಂಡು, ನಗು ತಡೆದುಕೊಂಡು:

"ಪ್ರಯೋಗವು ಅವಧಿಗೆ ಮುನ್ನ ಕೊನೆಗೊಂಡರೂ, ಔಷಧದಿಂದ ಪ್ರಯೋಜನ ಪಡೆಯುತ್ತಿರುವವರಿಗೆ ಅದನ್ನು ಉಚಿತವಾಗಿ ಮುಂದುವರಿಸಲಾಗುವುದು!"

"ಎಂತ?" ಅಂದ ಸುಕೇಶ್. ಫೈಲು ಎಳೆದು ಹಾಳೆ ಮಗುಚಿದ. ಹದಿಮೂರು, ಹದಿನಾಲ್ಕು. ಓದಿದ. ಪುನಃ ಓದಿದ. "ಇದು... ದೊಡ್ಡವರನ್ನು ಕೇಳಬೇಕು."

"ಕೇಳು. ನಾವು ಕೂತಿರುತ್ತೇವೆ."

ಪಡಸಾಲೆಯ ನಡುವೆ, ಫಳಫಳ ಹೊಳೆಯುವ ನೆಲದ ಮೇಲೆ ಆರು ಜನರೂ ಕಾಲು ಚಾಚಿ ಕೂತು ಬುಟ್ಟಿ ಸುರುವಿದರು. ಸುಕೇಶ್ ಸೆಕ್ಯೂರಿಟಿಯನ್ನು ಕೂಗಿದ. ಸೆಕ್ಯೂರಿಟಿಯವನು ಬಂದು, ತನ್ನ ಬೂಟು ನೋಡಿಕೊಂಡು, ಅಲ್ಲೇ ನಿಂತ. "ಹೂ ತುಳಿಯಬೇಕಾಗ್ತದೆ ಸಾರ್. ನನ್ನಿಂದ ಆಗುವುದಿಲ್ಲ."

ಮನೋರಮಾಳ ಫೋನು ಬಡಿದುಕೊಂಡಿತು. "ಹೂ ಎಲ್ಲಿ ರಂಡೆ?" ಧಣಿಯ ಸ್ವರ ಪಡಸಾಲೆಗೆಲ್ಲ ಕೇಳಿಸಿತು.

"ಕಾಪುವಿನಲ್ಲಿ ಉಂಟು ಧಣಿ. ಇವತ್ತು ಬರುವುದಿಲ್ಲ. ನಾಳೆಯದ್ದು ಗ್ಯಾರಂಟಿ ಇಲ್ಲ."

ಈ ಸಲ ಬೆಂಚಿನವರು ಬಾಯಿ ಬಿಟ್ಟೇ ನಕ್ಕರು.

ಸುಕೇಶ್ ಒಳಗೆ ಹೋಗಿ ಬಂದ. "ದೊಡ್ಡವರು ಮೀಟಿಂಗಿನಲ್ಲಿದ್ದಾರೆ. ಮೊದಲು ಬಾಟ್ಲಿ ಒಪ್ಪಿಸಿ, ಮತ್ತೆ ನೋಡುವ."

ಮನೋರಮಾ ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿಕೊಂಡಿರುವ ಎರಡೂ ಬಾಟ್ಲಿ ತೆಗೆದಳು. ಒಂದರಿಂದ ಒಂದು ಮಾತ್ರೆ, ಇನ್ನೊಂದರಿಂದ ಒಂದು. ಅಂಗೈಯಲ್ಲಿಟ್ಟು ಪಡಸಾಲೆಗೆಲ್ಲ ತೋರಿಸಿದಳು. ಸುಕೇಶನ ಮೇಜಿನ ಮೇಲಿದ್ದ ಅವನದೇ ನೀರಿನ ಗ್ಲಾಸು ಎತ್ತಿ ಗಟಗಟ ನುಂಗಿ, ಒಂದು ತೇಗು ತೇಗಿದಳು.

"ಇನ್ನು ಎಂಟು ದಿನದ್ದು ಉಂಟು. ಎಂಟು ದಿನವೂ ಇಲ್ಲಿಗೇ ಬಂದು ಇವರೆಲ್ಲರ ಎದುರು ನುಂಗುತ್ತೇನೆ. ಒಂಬತ್ತನೆಯ ದಿನ ನೀನು ನನ್ನ ಕೈಗೆ ಎಂತ ಹಾಕ್ತಿ, ಇವರೂ ನೋಡಲಿ."

ಬೆಂಚಿನ ತುದಿಯಿಂದ ಒಬ್ಬ ಬಡಕಲು ಮನುಷ್ಯ ಗೋಡೆ ಹಿಡಿದುಕೊಂಡು ಎದ್ದ. ಹೆಬ್ರಿಯಿಂದ ಬೆಳಗ್ಗಿನ ಬಸ್ಸಿಗೆ ಬಂದವನು. ಮೆಲ್ಲ ಬಂದು ಹೂವಿನ ಪಕ್ಕ ನೆಲಕ್ಕೆ ಕೂತ. ಜೇಬಿನಿಂದ ಅಂಥವೇ ಎರಡು ಬಾಟ್ಲಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ.

"ನನ್ನದು ಐದೇ ದಿನದ್ದು ಅಕ್ಕ," ಅಂದ.